ಸೂತ್ರದ ಬುಡದಲ್ಲಿರುವ ಸಣ್ಣ ಅಂಕಿಯನ್ನು ಓದುವುದು ಹೇಗೆ?

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೋರ್ಡಿನ ಮೇಲೆ ನೀರು ಉಂಟಾಗುವ ಸಮೀಕರಣ ಬರೆದಳು. ಎಡಗಡೆ ಎಚ್₂, ಪಕ್ಕದಲ್ಲಿ ಒ₂. ಬಲಗಡೆ ಎಚ್₂ಒ. ಆಮೇಲೆ ಎಣಿಸಿದಳು. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದೇ. ಸ್ವಲ್ಪ ಹೊತ್ತು ಯೋಚಿಸಿ, ಬಲಗಡೆಯ ಒ ಬುಡದಲ್ಲಿ ಸಣ್ಣದಾಗಿ ಒಂದು 2 ಬರೆದಳು. "ಈಗ ಸರಿಹೋಯ್ತು ಅಲ್ವಾ ಮಿಸ್?" ಅಂದಳು.

ಲೆಕ್ಕವೇನೋ ಸರಿಹೋಗಿತ್ತು. ಆದರೆ ಬೋರ್ಡಿನ ಮೇಲೆ ನೀರು ಉಳಿದಿರಲಿಲ್ಲ. ಅವಳು ಬರೆದದ್ದು ಎಚ್₂ಒ₂, ಅಂದರೆ ಹೈಡ್ರೋಜನ್ ಪೆರಾಕ್ಸೈಡ್. ನೋಡಲು ಅದೂ ನೀರಿನ ಹಾಗೇ ತಿಳಿಯಾದ ದ್ರವ. ಗಾಢವಾಗಿದ್ದರೆ ಚರ್ಮ ಸುಡುತ್ತದೆ.

ಈ ತಪ್ಪನ್ನು ನಾನು ಪ್ರತಿ ವರ್ಷ ನೋಡುತ್ತೇನೆ. ಮಕ್ಕಳಿಗೆ ಎಣಿಸಲು ಚೆನ್ನಾಗಿ ಬರುತ್ತದೆ. ಆ ಸಣ್ಣ ಅಂಕಿ ಏನು ಹೇಳುತ್ತಿದೆ ಅನ್ನುವುದು ಮಾತ್ರ ಗೊತ್ತಿರುವುದಿಲ್ಲ. ಪರಮಾಣು, ಧಾತು, ಸಂಯುಕ್ತ ಎಂದು ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಿಸಿ ಮುಂದೆ ಓಡಿದರೆ ಹೀಗೇ ಆಗುತ್ತದೆ. ಅದಕ್ಕೇ ನಾನೀಗ ಬೇರೆ ದಾರಿ ಹಿಡಿದಿದ್ದೇನೆ. ನೀವು ಮಗುವಿಗೆ ಹೇಳಿಕೊಡುವವರಾದರೂ ಸರಿ, ನೀವೇ ಹೊಸದಾಗಿ ಕಲಿಯುವವರಾದರೂ ಸರಿ, ಇದೇ ಕ್ರಮದಲ್ಲಿ ಹೋಗಿ ನೋಡಿ.

ಮೊದಲು ಪ್ರೋಟಾನ್ ಎಣಿಸುವುದನ್ನು ಕಲಿಯಿರಿ. ಪರಮಾಣುವಿನ ನಡುವೆ ನ್ಯೂಕ್ಲಿಯಸ್ ಇದೆ. ಅದರಲ್ಲಿ ಪ್ರೋಟಾನ್, ನ್ಯೂಟ್ರಾನ್. ಹೊರಗೆ ಎಲೆಕ್ಟ್ರಾನ್. ಇದು ಯಾವ ಧಾತು ಎಂದು ಹೇಳುವುದು ಪ್ರೋಟಾನ್ ಸಂಖ್ಯೆ ಮಾತ್ರ. ಆರು ಪ್ರೋಟಾನ್ ಇದ್ದರೆ ಕಾರ್ಬನ್. ಏಳಾದರೆ ನೈಟ್ರೋಜನ್. ಎಂಟಾದರೆ ಆಕ್ಸಿಜನ್. ನ್ಯೂಟ್ರಾನ್ ಜಾಸ್ತಿಯಾದರೆ ಧಾತು ಬದಲಾಗುವುದಿಲ್ಲ. ಕಾರ್ಬನ್-12ರಲ್ಲಿ ಆರು ನ್ಯೂಟ್ರಾನ್, ಕಾರ್ಬನ್-14ರಲ್ಲಿ ಎಂಟು, ಎರಡೂ ಕಾರ್ಬನ್ನೇ. ಎಲೆಕ್ಟ್ರಾನ್ ಹೋದರೂ ಧಾತು ಅದೇ. ಸೋಡಿಯಂ ಒಂದು ಎಲೆಕ್ಟ್ರಾನ್ ಕಳೆದುಕೊಂಡರೆ ಸೋಡಿಯಂ ಅಯಾನು, ಅಂದರೆ ವಿದ್ಯುದಾವೇಶ ಇರುವ ಸೋಡಿಯಂ, ಆಗುತ್ತದೆಯೇ ಹೊರತು ನಿಯಾನ್ ಆಗುವುದಿಲ್ಲ. ಇಲ್ಲಿ ಅವಸರ ಬೇಡ. ಇದು ಗಟ್ಟಿಯಾದರೆ ಮುಂದಿನದು ಅರ್ಧ ಸುಲಭ.

ಈಗ ಗೊತ್ತಿರುವ ಧಾತುಗಳು 118. ಅಷ್ಟನ್ನೂ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ. ಮೊದಲ 20ನ್ನು ಒಂದು ಹಾಳೆಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಪ್ರೋಟಾನ್ ಸಂಖ್ಯೆಯನ್ನೂ ನ್ಯೂಕ್ಲಿಯಸ್ ಸುತ್ತಲಿನ ಪದರಗಳಲ್ಲಿ, ಅಂದರೆ ಕವಚಗಳಲ್ಲಿ, ಎಲೆಕ್ಟ್ರಾನ್ ಕೂತಿರುವ ರೀತಿಯನ್ನೂ ಬರೆದುಕೊಳ್ಳಿ. ಸೋಡಿಯಂ 2, 8, 1. ಕ್ಲೋರಿನ್ 2, 8, 7. ಇಷ್ಟು ಸಾಕು.

ಸಂಕೇತ ಬರೆಯುವಾಗ ಒಂದು ಎಚ್ಚರ ಬೇಕು. ಮೊದಲ ಅಕ್ಷರ ದೊಡ್ಡದು, ಎರಡನೆಯದಿದ್ದರೆ ಅದು ಸಣ್ಣದು. ಸಿ ದೊಡ್ಡದು, ಒ ಸಣ್ಣದು ಬರೆದರೆ ಅದು ಕೋಬಾಲ್ಟ್ ಎಂಬ ಲೋಹ. ಎರಡನ್ನೂ ದೊಡ್ಡದಾಗಿ ಬರೆದರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷದ ಅನಿಲ. ಇನ್ನು ಸೋಡಿಯಂಗೆ ಎನ್‌ಎ, ಪೊಟ್ಯಾಸಿಯಂಗೆ ಕೆ, ಕಬ್ಬಿಣಕ್ಕೆ ಎಫ್‌ಇ ಯಾಕೆ ಎಂದು ಮಕ್ಕಳು ಕೇಳುತ್ತಾರೆ. ನೇಟ್ರಿಯಂ, ಕೇಲಿಯಂ, ಫೆರಂ ಎಂಬ ಲ್ಯಾಟಿನ್ ಹೆಸರುಗಳಿಂದ ಬಂದವು ಎಂದು ಹೇಳಿದರೆ ಮತ್ತೆ ಮರೆಯುವುದಿಲ್ಲ.

ಇನ್ನು ಮಿಶ್ರಣ ಮತ್ತು ಸಂಯುಕ್ತ. ಇದಕ್ಕೆ ಕಬ್ಬಿಣದ ಪುಡಿ ಮತ್ತು ಗಂಧಕದ ಪ್ರಯೋಗಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. 7 ಗ್ರಾಂ ಕಬ್ಬಿಣದ ಪುಡಿ, 4 ಗ್ರಾಂ ಗಂಧಕದ ಪುಡಿ ಕಲಸಿ. ಬೂದು ಮಿಶ್ರಿತ ಹಳದಿ ಪುಡಿ ಸಿಗುತ್ತದೆ. ಒಂದು ಮ್ಯಾಗ್ನೆಟ್ಟನ್ನು ಕಾಗದದಲ್ಲಿ ಸುತ್ತಿ ಅದರ ಮೇಲೆ ಆಡಿಸಿ. ಕಬ್ಬಿಣ ಎದ್ದು ಬಂದು ಅಂಟಿಕೊಳ್ಳುತ್ತದೆ, ಗಂಧಕ ಅಲ್ಲೇ ಉಳಿಯುತ್ತದೆ. ಇದು ಮಿಶ್ರಣ. 7 ಗ್ರಾಂ ಬದಲು 9 ಗ್ರಾಂ ಹಾಕಿದ್ದರೂ ಮಿಶ್ರಣವೇ.

ಈಗ ಅದೇ ಪುಡಿಯಲ್ಲಿ ಸ್ವಲ್ಪವನ್ನು ಪ್ರನಾಳದಲ್ಲಿ ಹಾಕಿ ಕಾಯಿಸಬೇಕು. ಇದನ್ನು ಲ್ಯಾಬಿನಲ್ಲಿ, ಶಿಕ್ಷಕರ ಎದುರಿಗೇ, ಕನ್ನಡಕ ಹಾಕಿಕೊಂಡು, ಕಿಟಕಿ ತೆರೆದಿಟ್ಟು ಮಾಡಿ. ಗಂಧಕ ಉರಿದರೆ ಬರುವ ಸಲ್ಫರ್ ಡೈಆಕ್ಸೈಡ್ ಉಸಿರಿಗೆ ಒಳ್ಳೆಯದಲ್ಲ. ಒಂದು ಮೂಲೆ ಕೆಂಪಗೆ ಹೊಳೆಯಲು ಶುರುವಾದ ಕೂಡಲೇ ಬರ್ನರ್ ಆಚೆ ತೆಗೆಯಿರಿ. ಉರಿ ತೆಗೆದರೂ ಆ ಕೆಂಪು ಮುಂದಕ್ಕೆ ಹರಿದುಕೊಂಡು ಹೋಗುತ್ತದೆ. ಯಾಕೆಂದರೆ ಎರಡು ಧಾತುಗಳು ಸೇರುವಾಗಲೇ ಶಾಖ ಹೊರಗೆ ಬರುತ್ತಿದೆ. ಈ ಗಳಿಗೆಯಲ್ಲಿ ಇಡೀ ತರಗತಿ ಮೌನವಾಗುತ್ತದೆ. ಎಷ್ಟು ಸಲ ಮಾಡಿದ್ದರೂ ನಾನೂ ಅವರ ಜೊತೆ ಬಗ್ಗಿ ನೋಡುತ್ತೇನೆ.

ತಣ್ಣಗಾದ ಮೇಲೆ ಉಳಿಯುವುದು ಕಪ್ಪು ಗಟ್ಟಿ. ಪೂರ್ತಿ ಸೇರಿಕೊಂಡಿದ್ದರೆ ಮ್ಯಾಗ್ನೆಟ್ಟಿಗೆ ಅಂಟುವುದಿಲ್ಲ. ಹಳದಿಯೂ ಕಾಣುವುದಿಲ್ಲ. ಇದು ಐರನ್ ಸಲ್ಫೈಡ್, ಸಂಯುಕ್ತ. ಇದರಲ್ಲಿ ಕಬ್ಬಿಣ ಮತ್ತು ಗಂಧಕ ಯಾವಾಗಲೂ 7ಕ್ಕೆ 4ರ ಲೆಕ್ಕದಲ್ಲೇ ಇರುತ್ತವೆ. 4 ಗ್ರಾಂ ಗಂಧಕಕ್ಕೆ ನೀವು 9 ಗ್ರಾಂ ಕಬ್ಬಿಣ ಕೊಟ್ಟರೆ 2 ಗ್ರಾಂ ಹಾಗೇ ಉಳಿಯುತ್ತದೆ. ಯಾಕೆ 7ಕ್ಕೆ 4? ಕಬ್ಬಿಣದ ಪರಮಾಣುವಿನ ರಾಶಿ 56, ಗಂಧಕದ್ದು 32. ಒಂದಕ್ಕೆ ಒಂದು ಸೇರಿದರೆ 56ಕ್ಕೆ 32, ಅಂದರೆ 7ಕ್ಕೆ 4. ತಕ್ಕಡಿಯಲ್ಲಿ ಕಂಡ ಅಂಕಿ ಕಣ್ಣಿಗೆ ಕಾಣದ ಪರಮಾಣುವಿನ ಲೆಕ್ಕವನ್ನೇ ಹೇಳುತ್ತಿದೆ. ಇದನ್ನು ಮಕ್ಕಳೇ ಭಾಗಿಸಿ ಕಂಡುಕೊಳ್ಳಲಿ. ನೀವು ಮೊದಲೇ ಹೇಳಿಬಿಡಬೇಡಿ.

ಇಷ್ಟಾದ ಮೇಲೆ ಸೂತ್ರ. ಜೇಡಿಮಣ್ಣಿನ ಉಂಡೆ ಮತ್ತು ಬೆಂಕಿಕಡ್ಡಿ ತೆಗೆದುಕೊಳ್ಳಿ. ಕಡ್ಡಿಯ ಮದ್ದು ಇರುವ ತುದಿಯನ್ನು ಮುರಿದುಬಿಡಿ. ಹೈಡ್ರೋಜನ್ ಬಿಳಿ, ಆಕ್ಸಿಜನ್ ಕೆಂಪು, ಕಾರ್ಬನ್ ಕಪ್ಪು, ನೈಟ್ರೋಜನ್ ನೀಲಿ. ಪ್ರತಿ ಉಂಡೆಗೂ ಇಷ್ಟೇ ಕೈ ಎಂದು ನಿಯಮ: ಹೈಡ್ರೋಜನ್‌ಗೆ ಒಂದು, ಆಕ್ಸಿಜನ್‌ಗೆ ಎರಡು, ನೈಟ್ರೋಜನ್‌ಗೆ ಮೂರು, ಕಾರ್ಬನ್‌ಗೆ ನಾಲ್ಕು. ಇದೇ ವೇಲೆನ್ಸಿ. ಯಾವ ಕೈಯೂ ಖಾಲಿ ಉಳಿಯಬಾರದು. ಕೆಂಪು ಉಂಡೆಯ ಎರಡು ಕೈಗೆ ಎರಡು ಬಿಳಿ ಉಂಡೆ ಬೇಕು, ಅದಕ್ಕೇ ಎಚ್ ಬುಡದಲ್ಲಿ 2. ಕಪ್ಪು ಉಂಡೆಗೆ ನಾಲ್ಕು ಬಿಳಿ, ಅದು ಮೀಥೇನ್. ಎರಡು ಕೆಂಪು ಉಂಡೆಗಳು ಎರಡೆರಡು ಕೈ ಹಿಡಿದುಕೊಂಡರೆ ಒ₂. ಪರಮಾಣುಗಳು ಕೈ ಹಿಡಿದು ಕಟ್ಟಿಕೊಂಡ ಗುಂಪು, ಅಂದರೆ ಅಣು ಆಯಿತು, ಆದರೆ ಸಂಯುಕ್ತವಲ್ಲ. ಒಂದೇ ಧಾತು ಇರುವುದರಿಂದ ಅದು ಧಾತುವೇ.

ಲೋಹ ಬಂದಾಗ ಉಂಡೆ ಬಿಟ್ಟು ಎಲೆಕ್ಟ್ರಾನ್ ಲೆಕ್ಕಕ್ಕೆ ಬನ್ನಿ. ಸೋಡಿಯಂ ಒಂದು ಕೊಡುತ್ತದೆ, ಕ್ಲೋರಿನ್ ಒಂದು ತೆಗೆದುಕೊಳ್ಳುತ್ತದೆ. ಮೆಗ್ನೀಸಿಯಂ ಎರಡು ಕೊಡುತ್ತದೆ, ಹಾಗಾಗಿ ಅದಕ್ಕೆ ಎರಡು ಕ್ಲೋರಿನ್ ಬೇಕು. ಅಲ್ಯುಮಿನಿಯಂ ಮೂರು ಕೊಡುತ್ತದೆ, ಆಕ್ಸಿಜನ್ ಎರಡು ತೆಗೆದುಕೊಳ್ಳುತ್ತದೆ. ಎರಡು ಅಲ್ಯುಮಿನಿಯಂ ಆರು ಕೊಟ್ಟರೆ ಮೂರು ಆಕ್ಸಿಜನ್ ಆ ಆರನ್ನು ತೆಗೆದುಕೊಳ್ಳುತ್ತವೆ. ವೇಲೆನ್ಸಿಗಳನ್ನು ಅಡ್ಡಡ್ಡ ಬದಲಿಸಿ, ಅಂದರೆ ಒಂದರ ಅಂಕಿಯನ್ನು ಇನ್ನೊಂದರ ಬುಡದಲ್ಲಿ, ಬರೆಯುವ ಉಪಾಯ ಇಲ್ಲಿಂದಲೇ ಬಂದದ್ದು. ಮೆಗ್ನೀಸಿಯಂ ಆಕ್ಸೈಡಿನಲ್ಲಿ ಹಾಗೆ ಮಾಡಿದರೆ 2 ಮತ್ತು 2 ಬರುತ್ತದೆ. ಅಲ್ಲಿ ಎರಡನ್ನೂ ತೆಗೆದುಹಾಕುತ್ತೇವೆ, ಯಾಕೆಂದರೆ ಅಂಥ ಪದಾರ್ಥದಲ್ಲಿ ಬಿಡಿ ಅಣುಗಳೇ ಇಲ್ಲ. ಅಯಾನುಗಳು ಸಾಲು ಸಾಲಾಗಿ ಜೋಡಿಸಿಕೊಂಡಿರುತ್ತವೆ, ಸೂತ್ರ ಹೇಳುವುದು ಎಷ್ಟಕ್ಕೆ ಎಷ್ಟು ಎಂದು ಮಾತ್ರ. ಆದರೆ ಎಚ್₂ಒ₂ ಎನ್ನುವುದನ್ನು ಎಚ್‌ಒ ಎಂದು ಚಿಕ್ಕದು ಮಾಡಬಾರದು. ಅದು ನಿಜವಾದ ಅಣು. ಎರಡು ಕೆಂಪು ಉಂಡೆ ಒಂದೊಂದು ಕೈ ಹಿಡಿದುಕೊಂಡು, ಉಳಿದ ಕೈಯಲ್ಲಿ ಒಂದೊಂದು ಬಿಳಿ ಉಂಡೆ ಇಟ್ಟುಕೊಂಡಿವೆ. ಮಾಡಿ ನೋಡಿ, ಒಂದು ಕೈಯೂ ಖಾಲಿ ಇರುವುದಿಲ್ಲ.

ಈ ಬುಡದ ಅಂಕಿ ದೊಡ್ಡವರಿಗೂ ಕಷ್ಟ ಕೊಟ್ಟಿದೆ. 1808ರಲ್ಲಿ ಪರಮಾಣು ಸಿದ್ಧಾಂತವನ್ನು ಪುಸ್ತಕವಾಗಿ ತಂದ ಜಾನ್ ಡಾಲ್ಟನ್, ನೀರಿನಲ್ಲಿ ಒಂದು ಹೈಡ್ರೋಜನ್, ಒಂದು ಆಕ್ಸಿಜನ್ ಇದೆ ಎಂದೇ ಲೆಕ್ಕ ಹಾಕಿದ್ದರು. ನೀರಿನಲ್ಲಿ 1 ಗ್ರಾಂ ಹೈಡ್ರೋಜನ್‌ಗೆ 8 ಗ್ರಾಂ ಆಕ್ಸಿಜನ್ ಇರುತ್ತದೆ. ಒಂದಕ್ಕೆ ಒಂದು ಎಂದರೆ ಆಕ್ಸಿಜನ್ ಪರಮಾಣುವಿನ ರಾಶಿ 8 ಆಗಬೇಕು. ಎರಡಕ್ಕೆ ಒಂದು ಎಂದರೆ 16. ಒಂದು ಸಣ್ಣ 2 ಬಿಟ್ಟುಹೋದರೆ ಉತ್ತರ ಅರ್ಧಕ್ಕೆ ಇಳಿಯುತ್ತದೆ. 1860ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ರಸಾಯನ ವಿಜ್ಞಾನಿಗಳು ಸಭೆ ಸೇರಿದಾಗಲೂ ಈ ಗೊಂದಲ ಇನ್ನೂ ಇತ್ತು. ಅದನ್ನು ಬಿಡಿಸುವ ದಾರಿಯನ್ನು ಇಟಲಿಯ ಕಾನಿಜ್ಜಾರೋ ಅಲ್ಲಿ ಮುಂದಿಟ್ಟರು. ಮಕ್ಕಳು ಆ ಅಂಕಿಯಲ್ಲಿ ಎಡವಿದಾಗ ನಾನು ಬೈಯದೇ ಇರುವುದಕ್ಕೆ ಇದೂ ಒಂದು ಕಾರಣ.

ಈಗ ಬೋರ್ಡಿನ ಹತ್ತಿರ ನಿಂತ ಹುಡುಗಿಗೆ ಬರೋಣ. ನಾನು ಉತ್ತರ ಹೇಳಲಿಲ್ಲ. ಉಂಡೆಗಳ ಡಬ್ಬಿ ಕೊಟ್ಟೆ. ಅವಳು ಒಂದು ಬಿಳಿ ಜೋಡಿ, ಒಂದು ಕೆಂಪು ಜೋಡಿ ಮಾಡಿದಳು. ಎರಡನ್ನೂ ಬಿಡಿಸಿ ಒಂದು ನೀರಿನ ಅಣು ಕಟ್ಟಿದಳು. ಒಂದು ಕೆಂಪು ಉಂಡೆ ಕೈಯಲ್ಲೇ ಉಳಿಯಿತು. "ಇದನ್ನೂ ಆ ನೀರಿಗೇ ಸಿಕ್ಕಿಸಿದರೆ ಅದು ನೀರಾಗಿ ಉಳಿಯುತ್ತಾ?" ಎಂದು ಕೇಳಿದೆ. ಉಂಡೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ಇಲ್ಲ ಮಿಸ್. ಇನ್ನೊಂದು ಬಿಳಿ ಜೋಡಿ ಬೇಕು" ಅಂದಳು. ಬೋರ್ಡಿಗೆ ಹೋಗಿ ಬುಡದ ಆ ಸಣ್ಣ 2 ಅಳಿಸಿದಳು. ಎಚ್₂ಒ ಮುಂದೆ ದೊಡ್ಡದಾಗಿ 2 ಬರೆದಳು, ಎಡಗಡೆ ಎಚ್₂ ಮುಂದೆ ಇನ್ನೊಂದು 2. ಮುಂದಿನ ಅಂಕಿ ಅಣುಗಳು ಎಷ್ಟು ಎಂದು ಹೇಳುತ್ತದೆ, ಬೇಕಾದಷ್ಟು ಬದಲಿಸಬಹುದು. ಬುಡದ ಅಂಕಿ ಪದಾರ್ಥ ಯಾವುದು ಎಂದು ಹೇಳುತ್ತದೆ, ಸರಿದೂಗಿಸುವಾಗ ಅದನ್ನು ಮುಟ್ಟುವ ಹಾಗಿಲ್ಲ.

ಅದೇ ಡಬ್ಬಿಯಲ್ಲಿ ಮುಂದೆ ಅಮೋನಿಯ ಮಾಡಿ. ನೈಟ್ರೋಜನ್ ಜೋಡಿ ಮೂರು ಕೈ ಹಿಡಿದುಕೊಂಡಿರುತ್ತದೆ, ಅದನ್ನು ಬಿಡಿಸಬೇಕು. ಎನ್₂ ಒಂದು, ಎಚ್₂ ಮೂರು ತೆಗೆದುಕೊಂಡರೆ ಎನ್‌ಎಚ್₃ ಎರಡು ಬರುತ್ತದೆ. ಮೊದಲು ಎಂಟು ಉಂಡೆ ಇದ್ದವು, ಆಮೇಲೂ ಎಂಟೇ ಇರಬೇಕು. ಒಂದು ಉಂಡೆ ಉಳಿದರೆ ಬಿಚ್ಚಿ ಮತ್ತೆ ಕಟ್ಟಿ.