ತಳ್ಳದೆ ಬಾವಿಗೆ ಹಾರಿಸಿದ್ದು

ನಮ್ಮ ಕಡೆ ಈಜು ಕಲಿಸುವುದು ಅಂದರೆ ಬೆನ್ನಿಗೆ ಬೆಂಡು ಕಟ್ಟಿ ಬಾವಿಗೆ ತಳ್ಳುವುದು. ನಾನು ಕಲಿತದ್ದೂ ಹಾಗೇ. ತಳ್ಳದೆ ಕಲಿಸುತ್ತೇನೆ ಅಂದಾಗ ಊರಲ್ಲಿ ಯಾರೂ ನಂಬಲಿಲ್ಲ. ಎರಡು ಬೇಸಿಗೆಯಲ್ಲಿ ಸುಮಾರು 30 ಮಕ್ಕಳು 10 ಅಡಿಯಿಂದ ತಾವಾಗೇ ಹಾರಿದ್ದಾರೆ.

ಬಾವಿ ಕೋಲಾರದ ನರಸಾಪುರದ ಕಡೆಯದು, ತಾತನ ಕಾಲದ ಕಪಿಲೆ ಬಾವಿ, ಎತ್ತು ಕಟ್ಟಿ ನೀರೆತ್ತುತ್ತಿದ್ದದ್ದು. ವರ್ಷಗಟ್ಟಲೆ ಒಣಗಿತ್ತು. 2018ರಲ್ಲಿ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕಳಿಸುವುದು, ನಮ್ಮ ಜಿಲ್ಲೆಯ ಕೆರೆಗಳಿಗೆ ಬರಲು ಶುರುವಾದ ಮೇಲೆ ಇದರಲ್ಲೂ ಮತ್ತೆ ಜಲ ಕಾಣಿಸಿತು. ಹೂಳು ತೆಗೆಸಲು 35-40 ಸಾವಿರ ಹೋಯಿತು. ಹಗ್ಗ, ಟ್ರ್ಯಾಕ್ಟರ್ ಟ್ಯೂಬು ಅಂತ ಇನ್ನೊಂದು ನಾಲ್ಕು ಸಾವಿರ. ಮಕ್ಕಳ ಹತ್ತಿರ ದುಡ್ಡು ಇಸ್ಕೊಳ್ಳಲ್ಲ, ಎಲ್ಲ ಕೈಯಿಂದಲೇ.

ಮೊದಲ ಬೇಸಿಗೆಯ ಅರ್ಧ ಸೋಲಲ್ಲೇ ಕಳೆಯಿತು. ಹಾರಿದವರಿಗೆ 100 ರೂಪಾಯಿ ಅಂದೆ. ಮೊದಲೇ ಧೈರ್ಯ ಇದ್ದ ಹುಡುಗರು ಎಣಿಸಿಕೊಂಡು ಹೋದರು, ಹೆದರುವವರು ಇನ್ನೂ ಹಿಂದೆ ಸರಿದರು. ಎರಡು ಸಾವಿರ ಹಾಗೇ ಹೋಯಿತು. "ಒಂದು, ಎರಡು, ಮೂರು" ಎಣಿಸಿದ್ದು ಇನ್ನೂ ಕೆಟ್ಟದ್ದು. ಮೂರಕ್ಕೆ ಹಾರದಿದ್ದರೆ ಮತ್ತೆ ಒಂದರಿಂದ, ಪ್ರತಿ ಸಲ ಕಾಲು ಇನ್ನಷ್ಟು ಭಾರ. ಕಣ್ಣು ಮುಚ್ಚಿ ಹಾರಿ ಅಂದೆ. ಒಬ್ಬ ಓರೆಯಾಗಿ ಬಿದ್ದು ತೊಡೆ ಕೆಂಪಗಾಯಿತು.

ಅಣ್ಣನ ಮಗಳು, 11 ವರ್ಷ, ಅರ್ಧ ಗಂಟೆ ಅಂಚಲ್ಲೇ ನಿಂತಿದ್ದಳು. ಕಾಲ್ಬೆರಳು ಕಲ್ಲನ್ನು ಕಚ್ಚಿ ಹಿಡಿದು ಬೆಳ್ಳಗಾಗಿದ್ದವು. "ಚಿಕ್ಕಪ್ಪ, ನಂಗೆ ಹಾರೋ ಆಸೆ ಇದೆ, ಕಾಲೇ ಮಾತು ಕೇಳ್ತಿಲ್ಲ" ಅಂದಳು. ಆಗ ಹೊಳೆಯಿತು. ನಿಂತಷ್ಟೂ ಭಯ ಬೆಳೆಯುತ್ತೆ, ಅಲ್ವಾ?

ಈಗ ನೀರಿಗೆ ಹತ್ತಿರದ ಮೆಟ್ಟಿಲಿಂದ ಶುರು, ಎರಡಡಿ ಅಷ್ಟೇ. ಹತ್ತು ಸಲ, ಬೇಜಾರಾಗುವವರೆಗೆ. ಆಮೇಲೆ ಒಂದು ಮೆಟ್ಟಿಲು ಮೇಲೆ. ಅಂಚಿಗೆ ಬಂದರೆ ಮೂರೇ ಉಸಿರು. ಆಗಲಿಲ್ಲವಾ, ಸುಮ್ನೆ ಒಂದು ಮೆಟ್ಟಿಲು ಇಳಿದು ಅಲ್ಲಿಂದ ಹಾರಬೇಕು. ಯಾರೂ ನಗಬಾರದು. ಕಣ್ಣು ಎದುರು ಗೋಡೆಯ ಸುಣ್ಣದ ಬೊಟ್ಟಿನ ಮೇಲೆ. ಮೂರನೇ ಉಸಿರಿಗೆ ನಾನೊಂದು ಮಾತು ಹೇಳುತ್ತೇನೆ. ಅದು ಬಾವಿ ಹತ್ತಿರ ಬಂದವರಿಗೆ ಮಾತ್ರ.

ಇನ್ನೊಂದು ಗಮನಿಸಿದೆ. ಬೆಳಗ್ಗೆ ನೀರು ಅಲುಗದೆ ಕನ್ನಡಿ ಥರ ಇದ್ದರೆ ಮಕ್ಕಳು ಜಾಸ್ತಿ ಹೆದರುತ್ತಿದ್ದರು. ನೀರು ಎಲ್ಲಿದೆ ಅಂತ ಕಣ್ಣಿಗೆ ಸಿಗಲ್ಲ, ಕೆಳಗೂ ಆಕಾಶವೇ. ಕೊಡದಿಂದ ನೀರು ಸುರಿಸಿ ಕಲಕಿದೆ, ತಕ್ಷಣ ವ್ಯತ್ಯಾಸ ಕಂಡಿತು. ಒಲಿಂಪಿಕ್ಸ್ ಡೈವಿಂಗ್ ಕೊಳದಲ್ಲೂ ಇದಕ್ಕೇ ನೀರು ಚಿಮ್ಮಿಸುತ್ತಾರೆ. ಮೋಟರ್ ಇಡೋಣ ಅಂದುಕೊಂಡಿದ್ದೆ. ಮಕ್ಕಳಿರುವ ನೀರಿಗೆ ಕರೆಂಟು ಬೇಡ ಅಂತ ಬಿಟ್ಟೆ.

ಅಣ್ಣನ ಮಗಳು ಎಂಟನೆಯದೋ ಒಂಬತ್ತನೆಯದೋ ದಿನ ಮೇಲಿನ ಕಲ್ಲಿಂದ ಹಾರಿದಳು. ನೀರು ಮುಟ್ಟಲು ಮುಕ್ಕಾಲು ಸೆಕೆಂಡು ಹಿಡಿದಿರಬೇಕು. ಎದ್ದು ಬಂದವಳು ಜಡೆ ಕೂಡ ಹಿಂಡಲಿಲ್ಲ, ಮತ್ತೆ ಮೆಟ್ಟಿಲು ಹತ್ತತೊಡಗಿದಳು.