ಫಿಲ್ಟರ್ ಕೊಳ್ಳುವ ಮುನ್ನ ಹಳೆಯದರ ಅಂಚು ಓದಿ

ಅಮೆರಿಕದಲ್ಲಿ ಹೊಸದಾಗಿ ಮನೆ ಕೊಂಡವರಿಗೆ ಒಂದು ಮಾತು. ಮನೆ ಬೆಚ್ಚಗಿಡುವ ಯಂತ್ರವಾದ ಫರ್ನೇಸಿಗೆ ದೂಳು ಸೋಸುವ ಫಿಲ್ಟರ್ ತರುವ ಮೊದಲು ಹಳೆಯದನ್ನು ಹೊರಗೆಳೆದು ಅದರ ರಟ್ಟಿನ ಅಂಚನ್ನು ಓದಿ. ನಾನು ಟೇಪು ಹಿಡಿದು ಅಳೆದೆ, ಹದಿನೈದೂವರೆ ಇಂಚು ಬಂತು. ಅದನ್ನೇ ಹುಡುಕುತ್ತಾ ಅಂಗಡಿಯೆಲ್ಲ ಸುತ್ತಿದೆ! ದಪ್ಪಕ್ಷರದ 16×25×1 ಎಂಬುದು ಕರೆಯುವ ಹೆಸರು ಮಾತ್ರ. ನಿಜವಾದ ಉದ್ದ, ಅಗಲ ಕಾಲಿಂಚಿನಿಂದ ಅರ್ಧ ಇಂಚಿನಷ್ಟು ಕಡಿಮೆ. ಅದು ಪಕ್ಕದಲ್ಲಿ ಸಣ್ಣಕ್ಷರದಲ್ಲಿರುತ್ತದೆ. ಅಂಗಡಿಯಲ್ಲಿ ಕೇಳಬೇಕಾದದ್ದು ದಪ್ಪಕ್ಷರದ್ದನ್ನೇ. ಸಡಿಲವಾದರೆ ದೂಳು ಸಂದಿಯಿಂದ ನುಸುಳುತ್ತದೆ, ಬಿಗಿಯಾದರೆ ರಟ್ಟು ಬಾಗುತ್ತದೆ. ಬಾಣದ ಗುರುತು ಫರ್ನೇಸಿನ ಕಡೆಗಿರಲಿ. ಮರ್ವ್ ಎಂದರೆ ಫಿಲ್ಟರ್ ಎಷ್ಟು ಸಣ್ಣ ದೂಳನ್ನು ಹಿಡಿಯುತ್ತದೆಂದು ಹೇಳುವ ಅಂಕ. ಮರ್ವ್ 13 ಒಳ್ಳೆಯದೆಂದು ಹಳೆಯ ಯಂತ್ರಕ್ಕೆ ತುರುಕಬೇಡಿ, ಗಾಳಿ ಎಳೆಯಲಾಗದೆ ಅದು ಏದುಸಿರು ಬಿಟ್ಟೀತು. ನಮ್ಮ ಮನೆಗೆ ಮರ್ವ್ 8 ಸಾಕಾಗಿದೆ. ದಿನವೂ ಒಗ್ಗರಣೆ ಹಾಕುವ ಮನೆಯಾದರೆ ತಿಂಗಳಿಗೊಮ್ಮೆ ತೆಗೆದು ನೋಡಿ.