ಹೊಳೆಗೆ ಬಿಟ್ಟ ಆರು ಗುಂಟೆ

ನಮ್ಮ ಹೊಲ ಹಾವೇರಿ ತಾಲ್ಲೂಕಿನಲ್ಲಿ, ವರದಾ ಹೊಳೆಯ ದಂಡೆಗೇ ಇದೆ. ಅಪ್ಪನ ಕಾಲದಿಂದ ಅಂಚಿನವರೆಗೂ ಉತ್ತು ಗೋವಿನಜೋಳ ಹಾಕುತ್ತಿದ್ದೆವು. 2019ರ ಆಗಸ್ಟ್‌ನಲ್ಲಿ ಹೊಳೆ ಬಂತು. ನೀರು ಏರಿದಾಗ ದಂಡೆ ಅಷ್ಟೇನೂ ಹೋಗಲಿಲ್ಲ, ಇಳಿದ ಮೇಲೆ ಹೋಯಿತು. ನೀರು ಕುಡಿದು ಭಾರವಾಗಿದ್ದ ಎರೆಮಣ್ಣಿಗೆ ಹೊಳೆಯ ಕಡೆಯ ಆಸರೆ ತಪ್ಪಿತಲ್ಲ, ಹೋಳು ಹೋಳಾಗಿ ಕಳಚಿ ಬಿತ್ತು, ಎರಡು ರಾತ್ರಿ ಧೊಪ್ ಧೊಪ್ ಸದ್ದು ಕೇಳುತ್ತಾ ಮಲಗಿದ್ದೆವು. ಮೂಲೆಯಲ್ಲೊಂದು ಹಳೇ ಹೊಳೆಮತ್ತಿ ಮರ ಇದೆ. ಅದರ ಬುಡದ ಸುತ್ತ ಮಾತ್ರ ಮಣ್ಣು ಅಲುಗಿರಲಿಲ್ಲ.

ಮರುವರ್ಷ ಅಂಚಿನಿಂದ 30 ಅಡಿ ಒಳಗೆ ಗೂಟ ಹೊಡೆದೆ. ಉದ್ದ 220 ಅಡಿ, ಅಂದರೆ ಆರು ಗುಂಟೆ. ಅಷ್ಟನ್ನೂ ಉಳದೆ, ದಂಡೆ ಹಿಡಿಯುವ ಗಿಡಗಳಿಗೆ ಬಿಟ್ಟೆ. ಪಕ್ಕದ ಹೊಲದ ಕಾಕಾ ನೋಡಿ, "ಏನ್ ತಮ್ಮಾ, ಬಂಗಾರದಂಥಾ ಹೊಲಾ ಹಾಳ ಬಿಟ್ಟಿಯಲ್ಲೋ" ಅಂದರು. ಅವ್ವನೂ ಒಂದು ವಾರ ಸರಿಯಾಗಿ ಮಾತಾಡಲಿಲ್ಲ.

ಮೊದಲ ಸಲ ನಾನೂ ತಪ್ಪೇ ಮಾಡಿದೆ. ನರ್ಸರಿಯಿಂದ ಹೊಂಗೆ, ನೇರಳೆ ಸಸಿ ತಂದು ಸೀದಾ ಅಂಚಿಗೇ ನೆಟ್ಟೆ. ಮಳೆಗಾಲದಲ್ಲಿ ಕೆಲವು ಕೊಚ್ಚಿಹೋದವು, ಬೇಸಿಗೆಯಲ್ಲಿ ಎರೆ ಬಿರುಕು ಬಿಟ್ಟು ಉಳಿದವೂ ಒಣಗಿದವು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುಕಿದ ಸಸಿಗೆ ಮೂರು ವರ್ಷ ಹಣ ಕೊಡುತ್ತಾರೆ, ಆದರೆ ಹೆಸರು ಬರೆಸಿರಬೇಕು. ನಾನು ಬರೆಸಿರಲಿಲ್ಲ. ಬರೆಸಿದ್ದರೂ ಬದುಕಿದ್ದೆಷ್ಟು, ಅಲ್ವಾ?

ಅಂಚಿಗೆ ಬೇಕಾದದ್ದು ನೀರು ಬಂದಾಗ ಬಾಗುವ ಗಿಡ. ಅದಕ್ಕೆ ಲಕ್ಕಿಯಂಥದ್ದು ಇನ್ನೊಂದಿಲ್ಲ. ಹೆಬ್ಬೆರಳು ದಪ್ಪದ, ಒಂದೂವರೆ ಅಡಿ ಉದ್ದದ ಕಡ್ಡಿ ಕಡಿದು, ಮುಂಗಾರು ಹಿಡಿದ ಮೇಲೆ ಮುಕ್ಕಾಲು ಪಾಲು ಮಣ್ಣಲ್ಲಿ ಹೂತರೆ ಸಾಕು. ಆಡು ಬಾಯಿ ಹಾಕುವುದಿಲ್ಲ, ಹಾಗಾಗಿ ಬೇಲಿ ಖರ್ಚೂ ಉಳಿಯಿತು. ಲಕ್ಕಿಯ ಕೆಳಗೆ ಗೇಣಿಗೊಂದರಂತೆ ಲಾವಂಚ ಇಟ್ಟೆ. ಹೊಂಗೆ, ಅತ್ತಿ, ನೇರಳೆಯ ಹೊಸ ಸಸಿಗಳೆಲ್ಲಾ ಮೇಲಿನ ಸಾಲಿಗೆ ಹೋದವು.

ಆದರೆ ನಿಜ ಹೇಳಬೇಕೆಂದರೆ ಈಗ ಅಲ್ಲಿರುವ ಗಿಡಗಳಲ್ಲಿ ನಾನು ನೆಟ್ಟದ್ದಕ್ಕಿಂತ ತಾನಾಗಿ ಬಂದದ್ದೇ ಜಾಸ್ತಿ. ಒಂದು ವರ್ಷ ಹೊಳೆ ಇಳಿದ ಮೇಲೆ ಲಕ್ಕಿ ಬುಡಕ್ಕೆ ಸಿಕ್ಕಿಕೊಂಡಿದ್ದ ಕಸ ತೆಗೆಯಲು ಹೋಗಿದ್ದೆ. ಪ್ಲಾಸ್ಟಿಕ್, ಜೋಳದ ದಂಟು, ನಡುವೆ ಐದು ರೆಕ್ಕೆಯ ಹೊಳೆಮತ್ತಿ ಕಾಯಿಗಳು, ಕೈತುಂಬ. ಪ್ಲಾಸ್ಟಿಕ್ ಅಷ್ಟೇ ಆರಿಸಿ ಉಳಿದದ್ದನ್ನು ಹಾಗೇ ಬಿಟ್ಟೆ. ಅದರಲ್ಲಿ ಹುಟ್ಟಿದ್ದರಲ್ಲಿ ಹನ್ನೊಂದು ಈಗ ನನ್ನೆತ್ತರ ದಾಟಿವೆ. ನೇರಳೆ ಬೀಜ ಬಾವಲಿ, ಹಕ್ಕಿಗಳೇ ತಂದು ಹಾಕುತ್ತವೆ. ನನ್ನ ಕೆಲಸ ಮೂರೇ: ಆ ಪಟ್ಟಿಗೆ ರೋಟವೇಟರ್ ಇಳಿಸದಿರುವುದು, ಬೆಳೆ ಕೊಯ್ದ ಮೇಲೆ ಉಳಿದ ರವದಿಗೆ ಇಟ್ಟ ಬೆಂಕಿ ಅಲ್ಲಿಗೆ ಹೋಗದಂತೆ ಕಾಯುವುದು, ಬಳ್ಳಾರಿ ಜಾಲಿ ಕಂಡಲ್ಲಿ ಬೇರು ಸಮೇತ ಕೀಳುವುದು.

ತೊಂದರೆ ಇಲ್ಲವೇ ಇಲ್ಲ ಅಂತಲ್ಲ. ಮರಗಳ ನೆರಳಿಗೆ ಮೊದಲ ನಾಲ್ಕು ಸಾಲು ಗೋವಿನಜೋಳ ಸೊರಗುತ್ತದೆ, ಹಂದಿಗೂ ಅಡಗಲು ಜಾಗ ಆಗಿದೆ. ಎಮ್ಮೆ ನೀರಿಗಿಳಿಯುವ ದಾರಿಯಂತೂ ಇನ್ನೂ ಕುಸಿಯುತ್ತಲೇ ಇದೆ, ಯಾಕೆಂದರೆ ಅದನ್ನು ನೇರ ಇಳಿಜಾರಾಗಿ ಬಿಟ್ಟಿದ್ದೆ, ನೀರು ಅಲ್ಲಿಂದಲೇ ನುಗ್ಗುತ್ತದೆ. ಈ ಬೇಸಿಗೆಯಲ್ಲಿ ದಾರಿಯನ್ನು ಓರೆಯಾಗಿ ತಿರುಗಿಸಿ ಎರಡೂ ಬದಿಗೆ ಲಕ್ಕಿ ಕಡ್ಡಿ ಒತ್ತೊತ್ತಾಗಿ ಹೂಳಬೇಕು. ಎಮ್ಮೆಗಳು ಹೊಸ ದಾರಿ ಹಿಡಿದರೆ ಆಯಿತು.